ದೋಣಿ ಕೊಡಿಸುವ ಮುನ್ನ

ಮಾನ್ಯ ಸಂಪಾದಕರೇ,

ಸಮುದ್ರದಲ್ಲಿ ಜೀವ ಉಳಿಸುವ ಸ್ವಯಂಸೇವಕರಿಗೆ ನೆರವಾಗಬೇಕೆಂದು ಮುಂಬಯಿಯ ಕನ್ನಡ ಸಂಘಗಳೋ ಗಣೇಶೋತ್ಸವ ಮಂಡಳಿಗಳೋ ಯೋಚಿಸಿದಾಗ ಮೊದಲು ಬರುವ ಮಾತು ‘ಒಂದು ಬೋಟು ಕೊಡಿಸೋಣ’ ಎಂಬುದು. ಆ ಮನಸ್ಸು ದೊಡ್ಡದು. ಅದನ್ನು ತಣ್ಣಗಾಗಿಸುವ ಉದ್ದೇಶ ಈ ಪತ್ರಕ್ಕಿಲ್ಲ. ಆದರೆ ಬೋಟು ಈ ಕೆಲಸದಲ್ಲಿ ಕೊನೆಗೆ ಬರಬೇಕಾದ ವಸ್ತು. ಅದಕ್ಕಿಂತ ಮೊದಲು ಬೇಕಾದದ್ದು ದಡದಲ್ಲಿ ಹಗ್ಗ, ಹತ್ತಿರದಲ್ಲಿ ವಾಸಿಸುವ ಜನ, ವಾರ ತಪ್ಪದ ಅಭ್ಯಾಸ, ಎಂಜಿನ್ನಿಗೆ ನಿತ್ಯದ ಆರೈಕೆ, ಮತ್ತು ಈಗಾಗಲೇ ನೀರಿನ ಮೇಲಿರುವ ನೂರಾರು ದೋಣಿಗಳಲ್ಲಿ ಒಂದಿಷ್ಟು ಸಾಮಾನು. ದೇಣಿಗೆ ಅತ್ತ ಹೋಗಲಿ ಎಂಬುದು ನಮ್ಮ ಕೋರಿಕೆ. ಕಾರಣಗಳನ್ನು ವಿವರವಾಗಿ ಬರೆಯುತ್ತೇವೆ.

ಇದಕ್ಕೆ ಜಗತ್ತಿನಲ್ಲಿ ಹಳೆಯ ಮಾದರಿ ಬ್ರಿಟನ್ನಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. 1824ರಲ್ಲಿ ಸರ್ ವಿಲಿಯಂ ಹಿಲರಿಯವರ ಮುಂದಾಳ್ತನದಲ್ಲಿ ಶುರುವಾದದ್ದು. ಅದು ಸರ್ಕಾರದ ಇಲಾಖೆಯಲ್ಲ. ಜನರ ದೇಣಿಗೆ ಮತ್ತು ಉಯಿಲಿನಲ್ಲಿ ಬರೆದಿಟ್ಟ ಹಣದಿಂದ ನಡೆಯುತ್ತದೆ. 238 ಠಾಣೆಗಳಿವೆ, ಈವರೆಗೆ ಉಳಿಸಿದ ಜೀವಗಳು 1,40,000ಕ್ಕೂ ಹೆಚ್ಚು. ದಕ್ಷಿಣ ಆಫ್ರಿಕಾದಲ್ಲಿ 1966ರಲ್ಲಿ ಸ್ಟಿಲ್‌ಬಾಯ್ ಬಳಿ 17 ಮೀನುಗಾರರು ಮುಳುಗಿ ಸತ್ತ ಮರುವರ್ಷ ಇಂಥದೇ ಸ್ವಯಂಸೇವಕ ಸಂಸ್ಥೆ ಹುಟ್ಟಿತು. ಬ್ರಿಟನ್ನಿನವರಿಂದ ನಾವು ಕಲಿಯಬೇಕಾದ ಮೊದಲ ಪಾಠ ದೋಣಿಯ ವೇಗದ್ದಲ್ಲ. ಅಲ್ಲಿ ಸ್ವಯಂಸೇವಕರು ತಮಗೆ ತೋಚಿದಾಗ ದೋಣಿ ಇಳಿಸುವುದಿಲ್ಲ. ಕರೆ ಮೊದಲು ಅಲ್ಲಿನ ಕೋಸ್ಟ್‌ಗಾರ್ಡಿಗೆ ಹೋಗುತ್ತದೆ. ಕೋಸ್ಟ್‌ಗಾರ್ಡ್ ಠಾಣೆಯನ್ನು ಕೇಳುತ್ತದೆ, ಠಾಣೆಯಲ್ಲಿ ಅದಕ್ಕೆಂದೇ ನೇಮಿಸಿದ ಒಬ್ಬರು ಹೂಂ ಎಂದ ಮೇಲೆ ದೋಣಿ ಹೊರಡುತ್ತದೆ. ಒಂದೇ ಜಾಗಕ್ಕೆ ಮೂರು ದೋಣಿ ಹೋಗಿ ಇನ್ನೊಂದು ಜಾಗಕ್ಕೆ ಒಂದೂ ಹೋಗದಂತೆ ತಡೆಯುವುದು ಈ ಶಿಸ್ತು.

ನಮ್ಮಲ್ಲಿ ಆ ಜವಾಬ್ದಾರಿ ಭಾರತೀಯ ಕೋಸ್ಟ್‌ಗಾರ್ಡಿನದು. ಪಶ್ಚಿಮದ ಕಡಲಿಗೆ ಅದರ ರಕ್ಷಣಾ ಸಮನ್ವಯ ಕೇಂದ್ರ ಮುಂಬಯಿಯಲ್ಲೇ ಇದೆ. ಸಮುದ್ರದಲ್ಲಿ ಅಪಾಯವಾದರೆ ಕರೆ ಮಾಡಬೇಕಾದ ಸಂಖ್ಯೆ 1554. ರೇಡಿಯೋ ಇದ್ದರೆ ವಿಎಚ್‌ಎಫ್ 16ನೇ ಚಾನೆಲ್. ದಡದ ಅವಘಡಕ್ಕೆ 112, ಅಗ್ನಿಶಾಮಕ ದಳಕ್ಕೆ 101, ಮಹಾನಗರಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಗೆ 1916. ಯಾವ ಸ್ವಯಂಸೇವಕ ತಂಡವೇ ಆಗಲಿ, ಹಣ ಕೊಡುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಇಷ್ಟು: ನಿಮ್ಮನ್ನು ಯಾರು ಕರೆಯುತ್ತಾರೆ, ನೀವು ಹೊರಟದ್ದನ್ನು ಯಾರಿಗೆ ತಿಳಿಸುತ್ತೀರಿ, ಹೇಳಿದ ಹೊತ್ತಿಗೆ ಮರಳದಿದ್ದರೆ ನಿಮ್ಮನ್ನು ಹುಡುಕಲು ಯಾರು ಬರುತ್ತಾರೆ? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಇಲ್ಲದ ತಂಡಕ್ಕೆ ಬೋಟು ಕೊಟ್ಟರೆ ಮುಳುಗುವವರ ಸಂಖ್ಯೆಗೆ ಬೋಟು ಹತ್ತಿದ ಮೂವರನ್ನೂ ಸೇರಿಸಿದಂತೆ.

ಇನ್ನು ಮುಂಬಯಿಯ ನೀರು. ಉಡುಪಿ, ಕಾರವಾರದ ಕಡಲು ಕಂಡವರು ಇಲ್ಲಿ ಎಡವುವುದು ಉಬ್ಬರ-ಇಳಿತದ ಲೆಕ್ಕದಲ್ಲಿ. ಇಲ್ಲಿಯವರು ಭರತಿ, ಓಹೋಟಿ ಎನ್ನುವುದು ಇದನ್ನೇ. ನಮ್ಮ ಊರ ಕಡೆ ನೀರು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರ 4.5 ಮೀಟರ್ ದಾಟುವುದುಂಟು. ಆರು ಗಂಟೆ ಚಿಲ್ಲರೆ ಕಳೆದರೆ ಅದೇ ನೀರು ಒಂದು ಮೀಟರಿಗೂ ಕೆಳಗೆ ಇಳಿದಿರುತ್ತದೆ. ಅಷ್ಟಮಿಯ ಸುಮಾರಿಗೆ ಈ ಅಂತರ ಕಡಿಮೆ. ಇಳಿಯುವಾಗ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆಯಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ತಲಾ ಮೂರು, ಮತ್ತೆ ಎರಡು, ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಹೊರಗೆ ಹೋಗಿರುತ್ತದೆ.

ಇದನ್ನು ಗಡಿಯಾರಕ್ಕೆ ಹೊಂದಿಸಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಮುಂಬಯಿಯ ಉಬ್ಬರ ಮಧ್ಯಾಹ್ನ 12-1 ಗಂಟೆಯ ಸುಮಾರಿಗೆ ಬರುತ್ತದೆ. ಹಾಗಾದರೆ ಎಳೆತ ಅತಿ ಬಲವಾಗಿರುವುದು ಮಧ್ಯಾಹ್ನ 2ರಿಂದ 5ರೊಳಗೆ. ಜುಹೂ, ಅಕ್ಸಾದಲ್ಲಿ ಭಾನುವಾರ ಜನ ನೀರಿಗಿಳಿಯುವ ಹೊತ್ತೂ ಅದೇ. ಅಕ್ಸಾದಂಥ ಕಡೆ ಖಾಡಿಯ (ಕಡಲು ಒಳನಾಡಿಗೆ ಚಾಚಿದ ಹಿನ್ನೀರಿನ) ಬಾಯಿ ಹತ್ತಿರವಿರುವುದರಿಂದ ಇಳಿತದ ನೀರು ಇನ್ನೂ ಜೋರಾಗಿ ಹೊರಗೆ ಎಳೆಯುತ್ತದೆ. ಅನಂತ ಚತುರ್ದಶಿ ಹುಣ್ಣಿಮೆಯ ಹಿಂದಿನ ದಿನ. ವಿಸರ್ಜನೆಯ ಸಂಜೆಯ ನೀರಿಗೂ ಇದೇ ಲೆಕ್ಕ. ದಡದ ಕಾವಲಿಗೆ ನಾಲ್ಕೇ ಜನ ಸಿಗುತ್ತಾರೆಂದರೆ ಅವರನ್ನು ದಿನವಿಡೀ ಚದುರಿಸುವ ಬದಲು ಆ ದಿನದ ಇಳಿತದ ಮೂರು-ನಾಲ್ಕನೇ ಗಂಟೆಗೆ ನಿಲ್ಲಿಸುವುದು ಸರಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಪಾಳಿಯ ಪಟ್ಟಿಯನ್ನು ವಾರಕ್ಕೊಮ್ಮೆ ಹೊಸದಾಗಿ ಬರೆಯಬೇಕು.

ಇದೇ ಇಳಿತ ಬೋಟನ್ನೂ ಕಟ್ಟಿಹಾಕುತ್ತದೆ. ಮಾಹಿಮ್, ವರ್ಸೋವಾದಂಥ ಕಡೆ ಇಳಿತದಲ್ಲಿ ನೀರು ಬಹಳ ದೂರ ಸರಿದು ನಡುವೆ ಬರಿಯ ಕೆಸರು ಉಳಿಯುತ್ತದೆ. ಬೋಟು ಹೊತ್ತ ಟ್ರೈಲರ್ ಅದರಲ್ಲಿ ಹೂತುಹೋದರೆ ಟ್ರ್ಯಾಕ್ಟರೂ ಎಳೆಯಲಾರದು. ಹಾಗಾಗಿ ಯಾರು ಬೋಟಿನ ಮಾತೆತ್ತಿದರೂ ಮೊದಲು ಇಳಿತದ ಕೊನೆಯ ಹೊತ್ತಿಗೆ ಅವರೊಂದಿಗೆ ಆ ಜಾಗಕ್ಕೆ ಹೋಗಿ ನಿಂತು ನೋಡಬೇಕು: ಈ ಕ್ಷಣ ಕರೆ ಬಂದರೆ ಬೋಟು ನೀರು ಮುಟ್ಟಲು ಎಷ್ಟು ನಿಮಿಷ? ಉತ್ತರ ಇಪ್ಪತ್ತು ಎಂದಾದರೆ ಬೋಟಿನ ಜಾಗ ಅದಲ್ಲ. ಎಲ್ಲ ಹೊತ್ತಿನಲ್ಲೂ ನೀರಿರುವ ಜೆಟ್ಟಿಯ ಬಳಿ ತೇಲುವಂತೆ ಕಟ್ಟಿಡಬೇಕು. ಹಾಗೆ ಕಟ್ಟಿಟ್ಟರೆ ಬೋಟಿನ ತಳಕ್ಕೆ ಚಿಪ್ಪು ಹತ್ತುತ್ತದೆ, ವೇಗ ಬೀಳುತ್ತದೆ, ತಿಂಗಳಿಗೊಮ್ಮೆ ಕೆರೆಯಬೇಕಾಗುತ್ತದೆ. ಅದಕ್ಕೂ ಆಳು, ಹಣ ಬೇಕು.

ಬೋಟು ಕೊಟ್ಟವರಿಗೆ ಕಾಣದ ಖರ್ಚು ಇಲ್ಲಿಂದ ಮುಂದೆ. ಬ್ರಿಟನ್ನಿನ ಸಂಸ್ಥೆ ದಡದ ಹತ್ತಿರ ಬಳಸುವ ಚಿಕ್ಕ ರಬ್ಬರ್ ದೋಣಿ 5 ಮೀಟರ್ ಉದ್ದದ್ದು, 50 ಅಶ್ವಶಕ್ತಿಯ ಒಂದೇ ಎಂಜಿನ್, 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ವೇಗ, ಪೂರ್ತಿ ವೇಗದಲ್ಲಿ ಮೂರು ಗಂಟೆ ಓಡಬಲ್ಲದು. ಆ ಗಾತ್ರದ ಎಂಜಿನ್ ಪೂರ್ತಿ ತೆರೆದರೆ ಗಂಟೆಗೆ 18ರಿಂದ 20 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ವಾರಕ್ಕೆ ಎರಡು ಗಂಟೆಯ ಅಭ್ಯಾಸವೆಂದರೂ ವರ್ಷದ ಇಂಧನದ ಲೆಕ್ಕ ನೀವೇ ಹಾಕಿಕೊಳ್ಳಬಹುದು. ಟ್ಯಾಂಕನ್ನು ಮೂರು ಪಾಲು ಮಾಡುವುದು ವಾಡಿಕೆ: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು.

ಪೆಟ್ರೋಲಿನದೇ ಇನ್ನೊಂದು ಕಷ್ಟ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಇಂಥ ದೋಣಿಗಳ ಹಿಂಬದಿಗೆ ಸಿಕ್ಕಿಸುವ ಹೆಚ್ಚಿನ ಔಟ್‌ಬೋರ್ಡ್ ಎಂಜಿನ್‌ಗಳನ್ನು ಮಾಡಿರುವುದು 10% ಮೀರದ ಇಂಧನಕ್ಕೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಂಬಯಿಯ ಮಳೆಗಾಲದ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ ನೀರು ಕಲೆತ ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ; ಎಂಜಿನ್ ಹೀರುವುದು ತಳದಿಂದಲೇ. ದಡದಲ್ಲಿ ಚೆನ್ನಾಗಿ ಸ್ಟಾರ್ಟ್ ಆದ ಎಂಜಿನ್ ಅಲೆ ಒಡೆಯುವ ಜಾಗದಲ್ಲೇ ನಿಂತುಹೋಗುವುದಕ್ಕೆ ಇದು ದೊಡ್ಡ ಕಾರಣ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಬೇಕು, ಅದರ ಬಟ್ಟಲನ್ನು ಪ್ರತಿ ಸಲ ಹೊರಡುವ ಮುನ್ನ ನೋಡಬೇಕು, ಎರಡು-ಮೂರು ವಾರ ನಿಂತ ಪೆಟ್ರೋಲನ್ನು ತೆಗೆದು ಸ್ಕೂಟರಿಗೆ ಹಾಕಿಕೊಂಡು ಹೊಸದು ತುಂಬಬೇಕು.

ಪ್ರತಿ ಓಟದ ನಂತರ ಎಂಜಿನ್ನಿಗೆ ಹತ್ತು ನಿಮಿಷ ಸಿಹಿನೀರು ಹರಿಸಬೇಕು. ಇಲ್ಲವಾದರೆ ಒಳಗಿನ ತಂಪು ನೀರಿನ ದಾರಿಗಳಲ್ಲಿ ಉಪ್ಪು ಗಟ್ಟಿಯಾಗುತ್ತದೆ. ಎಂಜಿನ್ ಪಕ್ಕದಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರಬೇಕು. ಧಾರೆ ತೆಳುವಾದರೆ ಒಳಗೆ ನೀರೆತ್ತುವ ರಬ್ಬರ್ ಇಂಪೆಲ್ಲರ್ ಸವೆದಿದೆ, ಇಲ್ಲವೇ ನೀರು ಸೇದುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿದೆ ಎಂದರ್ಥ. ಮುಂಬಯಿಯ ನೀರಿನಲ್ಲಿ ಎರಡೂ ಸಾಮಾನ್ಯ, ಏಕೆಂದರೆ ಇಲ್ಲಿ ಕೆಸರೂ ಕಸವೂ ಹೆಚ್ಚು. ಇಂಪೆಲ್ಲರನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲೇ ಬದಲಿಸಿ; ಒಂದು ಬಿಡಿ ಇಂಪೆಲ್ಲರ್ ಬೋಟುಮನೆಯಲ್ಲಿ ಯಾವಾಗಲೂ ಇರಲಿ. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಒಡೆದು ನೀರು ಒಳಗೆ ಹೋಗಿದೆ. ತುಕ್ಕನ್ನು ತನ್ನ ಮೇಲೆ ಎಳೆದುಕೊಳ್ಳುವ ಸತುವಿನ ತುಂಡು ಅರ್ಧ ಕರಗಿದಾಗಲೇ ಬದಲಿಸಬೇಕು. ದೋಣಿಯ ರಬ್ಬರ್ ಕೊಳವೆಗಳಿಗೆ ಗಾಳಿ ಅತಿ ಬಿಗಿಯಾಗಿ ತುಂಬಿದರೆ ಬಿಸಿಲಿನಲ್ಲಿ ಹೊಲಿಗೆ ಬಿಡುತ್ತದೆ, ಮುಂಜಾನೆ ಅಳತೆಗೆ ತುಂಬಿದ್ದು ಮಧ್ಯಾಹ್ನ ಬಿಗಿಯುತ್ತದೆ. ಅಳತೆಯ ಗೇಜ್ ಇಟ್ಟುಕೊಂಡೇ ತುಂಬಬೇಕು. ಇವೆಲ್ಲ ಸಣ್ಣ ಸಾಮಾನುಗಳು. ಇವಕ್ಕೆ ಹಣ ಕೊಡುವವರು ಸಿಗದೆ ದೊಡ್ಡ ಬೋಟುಗಳು ಟಾರ್ಪಾಲಿನ ಕೆಳಗೆ ಮಲಗುತ್ತವೆ.

ಲೈಫ್ ಜಾಕೆಟಿನ ವಿಷಯ ಬೇರೆಯೇ ಹೇಳಬೇಕು. ನೀರು ತಾಕಿದರೆ ತಾನೇ ಉಬ್ಬುವ ಜಾಕೆಟ್ ನೋಡಲು ಚೆಂದ, ತೊಡಲು ಹಗುರ. ಅದರೊಳಗೆ ನೀರಿಗೆ ಕರಗುವ ಒಂದು ಗುಳಿಗೆ, 33 ಗ್ರಾಂ ಅನಿಲದ ಒಂದು ಸಿಲಿಂಡರ್ ಇರುತ್ತವೆ. ಮಳೆಗಾಲದ ತೇವದಲ್ಲಿ ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿದ್ದರೆ ಗುಳಿಗೆ ಸಡಿಲಗೊಂಡು ಜಾಕೆಟ್ ಕಪಾಟಿನಲ್ಲೇ ಉಬ್ಬಿಬಿಡುತ್ತದೆ. ಉಬ್ಬಿದ್ದನ್ನು ಯಾರೋ ಮಡಚಿ ಒಳಗಿಟ್ಟರೆ, ಮುಂದಿನವನು ತೊಟ್ಟುಕೊಳ್ಳುವುದು ಖಾಲಿ ಸಿಲಿಂಡರನ್ನು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಸಿಲಿಂಡರ್ ಬಿಚ್ಚಿ ಅಡುಗೆಮನೆಯ ತಕ್ಕಡಿಯಲ್ಲಾದರೂ ತೂಗಿ, ಮೇಲೆ ಅಚ್ಚೊತ್ತಿದ ತೂಕಕ್ಕೆ ಹೋಲಿಸಬೇಕು. ಗುಳಿಗೆಯ ಮೇಲಿನ ದಿನಾಂಕ ನೋಡಬೇಕು. ಇಷ್ಟು ಮಾಡಲು ಆಳಿಲ್ಲದ ತಂಡಕ್ಕೆ ಫೋಮ್ ತುಂಬಿದ ದಪ್ಪ ಜಾಕೆಟೇ ಕ್ಷೇಮ. ಸೆಕೆಯಾಗುತ್ತದೆ, ಆದರೆ ಕೈಕೊಡುವುದಿಲ್ಲ.

ಜನರ ವಿಷಯ. ಮೂವರು ಹತ್ತುವ ಒಂದು ಬೋಟು ಹಗಲು ರಾತ್ರಿ ಯಾವಾಗ ಕರೆದರೂ ಹೊರಡಬೇಕೆಂದರೆ ಪಟ್ಟಿಯಲ್ಲಿ ಕನಿಷ್ಠ 20 ಜನ ಇರಬೇಕು. ಯಾರೋ ಪಾಳಿಯಲ್ಲಿರುತ್ತಾರೆ, ಯಾರೋ ಊರಿಗೆ ಹೋಗಿರುತ್ತಾರೆ, ಯಾರಿಗೋ ಜ್ವರ. ಆ 20 ಜನರೂ ಬೋಟಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ವಾಸಿಸಬೇಕು. ಡೊಂಬಿವಲಿಯಲ್ಲಿರುವ ಕನ್ನಡಿಗ ಎಷ್ಟೇ ಒಳ್ಳೆಯ ಈಜುಗಾರನಾದರೂ ವರ್ಸೋವಾದ ಬೋಟಿಗೆ ಹತ್ತಲಾರ. ಹಾಗಾಗಿ ಬೋಟು ಹತ್ತುವವರು ಆಯಾ ಕೋಳಿವಾಡದ, ಅಂದರೆ ಅಲ್ಲಿನ ಮೀನುಗಾರರ ಕೇರಿಯ, ಮಕ್ಕಳೇ ಆಗಬೇಕು. ಅಲ್ಲಿ ನೆಲೆಸಿರುವ ನಮ್ಮ ಮೊಗವೀರ, ಖಾರ್ವಿ ಮನೆಗಳವರು ಅವರ ಜೊತೆಗೂಡಬಹುದು. ದೂರದಲ್ಲಿರುವ ಕನ್ನಡಿಗರಿಗೂ ಕೆಲಸವಿದೆ. ಲೆಕ್ಕಪತ್ರ ಬರೆಯುವುದು, ಭಾನುವಾರ ಬೆಳಗ್ಗೆ ಬಂದು ಎಂಜಿನ್ ತೊಳೆಯುವುದು, ಶಾಲೆಗಳಲ್ಲಿ ಪಾಠ ಹೇಳುವುದು, ಅಭ್ಯಾಸದ ದಿನ ರೇಡಿಯೋ ಮುಂದೆ ಕೂತು ಹೊರಟ ಹೊತ್ತು, ಮರಳಿದ ಹೊತ್ತು ಬರೆದುಕೊಳ್ಳುವುದು. ಇವು ನಡೆಯದೆ ಬೋಟು ನಡೆಯುವುದಿಲ್ಲ.

ರೇಡಿಯೋ ಮುಂದೆ ಕೂರುವವರು ಅರಿತಿರಲೇಬೇಕಾದ ಒಂದು ತಪ್ಪಿದೆ. ಮೊಬೈಲಿನ ನಕ್ಷೆ ಜಾಗವನ್ನು ದಶಮಾಂಶದಲ್ಲಿ ತೋರಿಸುತ್ತದೆ, ಬೋಟಿನ ಜಿಪಿಎಸ್ ಡಿಗ್ರಿ ಮತ್ತು ನಿಮಿಷದಲ್ಲಿ. ‘ಹದಿನೆಂಟು ಐವತ್ತೈದು’ ಎಂದು ಕೂಗಿದರೆ ಒಬ್ಬ 18 ಡಿಗ್ರಿ 55 ನಿಮಿಷ ಎಂದು ಬರೆದುಕೊಳ್ಳುತ್ತಾನೆ. ಅದು ಕೊಲಾಬಾದ ನೇರ. ಇನ್ನೊಬ್ಬ 18.55 ಡಿಗ್ರಿ ಎಂದು ತಿಳಿಯುತ್ತಾನೆ. ಅದು 18 ಡಿಗ್ರಿ 33 ನಿಮಿಷ. ಎರಡರ ನಡುವೆ 22 ನಾಟಿಕಲ್ ಮೈಲಿ, ಅಂದರೆ ಸುಮಾರು 41 ಕಿಲೋಮೀಟರ್ ಅಂತರ. ‘ಡಿಗ್ರಿ’, ‘ನಿಮಿಷ’, ‘ಬಿಂದು’ ಈ ಪದಗಳನ್ನು ಬಾಯಿಬಿಟ್ಟು ಹೇಳಿಸಬೇಕು, ತಿರುಗಿ ಓದಿ ಹೇಳಬೇಕು, ಜೊತೆಗೆ ಕಣ್ಣಿಗೆ ಕಾಣುವ ಗುರುತು ಕೇಳಬೇಕು: ಪ್ರಾಂಗ್ಸ್ ದೀಪಸ್ತಂಭ ಎಡಕ್ಕೋ ಬಲಕ್ಕೋ, ಖಾಂದೇರಿ ದ್ವೀಪ ಕಾಣುತ್ತದೆಯೋ ಇಲ್ಲವೋ. ನೀರಿಗೆ ಬಿದ್ದ ಹೊತ್ತನ್ನೂ ಕೇಳಿ. ಹರಿವು 2 ನಾಟ್ ಇದ್ದರೆ ಅರ್ಧ ಗಂಟೆಯಲ್ಲಿ ಮನುಷ್ಯ ಬಿದ್ದ ಜಾಗದಿಂದ ಸುಮಾರು 1.8 ಕಿಲೋಮೀಟರ್ ದೂರ ಸಾಗಿರುತ್ತಾನೆ. ಮನುಷ್ಯನನ್ನು ಹೆಚ್ಚಾಗಿ ಒಯ್ಯುವುದು ನೀರಿನ ಹರಿವು. ಖಾಲಿ ದೋಣಿಯನ್ನು ಗಾಳಿಯೂ ತಳ್ಳುತ್ತದೆ. ಮಗುಚಿದ ದೋಣಿ ಸಿಕ್ಕಿದ ಕಡೆಯೇ ಜನರನ್ನು ಹುಡುಕುತ್ತ ಕೂತರೆ ಹೊತ್ತು ವ್ಯರ್ಥ.

ಆದರೆ ಮುಂಬಯಿಯ ದಡದಲ್ಲಿ ಮುಳುಗುವ ಬಹುಪಾಲು ಜನರ ವಿಷಯದಲ್ಲಿ ಈ ಯಾವುದಕ್ಕೂ ಸಮಯವೇ ಇರುವುದಿಲ್ಲ. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಯಾವ ಬೋಟೂ ಅಷ್ಟು ಬೇಗ ಬಾರದು. ಮರೀನ್ ಡ್ರೈವಿನ ಟೆಟ್ರಾಪಾಡ್‌ಗಳ (ಅಲೆ ತಡೆಯಲು ಇಟ್ಟ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ) ನಡುವೆ, ಬಾಂದ್ರಾದ ಬಂಡೆಗಳ ನಡುವೆ ಅಲೆ ಎಳೆದೊಯ್ದವನ ಬಳಿಗೆ ಬೋಟು ಹೋದರೆ ಬೋಟೇ ಒಡೆದುಹೋಗುತ್ತದೆ. ಅಲ್ಲಿ ಬೇಕಾದದ್ದು ದಡದಿಂದಲೇ ಎಸೆಯುವ ಸಾಧನ: ಚೀಲದಲ್ಲಿ ಸುರುಳಿಯಾಗಿ ತುಂಬಿದ 20-25 ಮೀಟರ್ ಉದ್ದದ, 8 ಮಿಲಿಮೀಟರ್ ದಪ್ಪದ, ನೀರಿನ ಮೇಲೆ ತೇಲುವ ಹಗ್ಗ. ಹಗ್ಗದ ಒಂದು ತುದಿ ಹಿಡಿದು ಚೀಲವನ್ನು ಮುಳುಗುವವನ ತಲೆಯ ಆಚೆಗೆ ಎಸೆಯಬೇಕು, ಹಗ್ಗ ಅವನ ಭುಜದ ಮೇಲೆ ಬೀಳುವಂತೆ. ಎಸೆಯುವವನು ಕೂತು, ಕಾಲು ಊರಿ ಎಳೆಯಬೇಕು. ನಿಂತರೆ ಅವನೇ ಜಾರುತ್ತಾನೆ. ಹಗ್ಗವನ್ನು ತನ್ನ ಕೈಗೆ ಸುತ್ತಿಕೊಳ್ಳಬಾರದು. ಈ ಹಗ್ಗ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಹಾಗಾಗಿ ಮುಚ್ಚಳವಿರುವ ಪೆಟ್ಟಿಗೆ ಬೇಕು. ಪೆಟ್ಟಿಗೆಗೆ ಬೀಗ ಹಾಕಿದರೆ ಹಗ್ಗ ಇಟ್ಟೂ ಪ್ರಯೋಜನವಿಲ್ಲ.

ದಕ್ಷಿಣ ಆಫ್ರಿಕಾದ ಸಂಸ್ಥೆ 2017ರಿಂದ ಕಾವಲುಗಾರರಿಲ್ಲದ ದಡಗಳಲ್ಲಿ ಕಂಬಕ್ಕೆ ಎದ್ದು ಕಾಣುವ ಗುಲಾಬಿ ಬಣ್ಣದ ತೇಲುಬುರುಡೆ ತೂಗುಹಾಕುತ್ತಿದೆ. ದಾರಿಹೋಕರು ಅದನ್ನು ಮುಳುಗುವವರಿಗೆ ಎಸೆಯಬಹುದು; ಹಾರಲೇಬೇಕೆಂದು ನಿರ್ಧರಿಸಿದವನೂ ಬರಿಗೈಯಲ್ಲಿ ಹಾರದೆ ಅದನ್ನು ಹಿಡಿದು ಹೋಗುತ್ತಾನೆ. ಈಜು ಬಂದವನು ಗಾಬರಿಯಲ್ಲಿ ಹಾರಿ, ತಾನು ಯಾರನ್ನು ಉಳಿಸಹೋದನೋ ಅವನ ಜೊತೆಗೇ ಮುಳುಗುವುದು ಎಲ್ಲ ಕಡಲ ದಡಗಳ ಕಥೆ. ಒಂದು ಬೋಟಿನ ಬೆಲೆಯಲ್ಲಿ ಇಂಥ ಎಷ್ಟು ಕಂಬಗಳನ್ನು ನೆಡಬಹುದೆಂದು ಸಂಘಗಳು ಯೋಚಿಸಬೇಕು. ಪಾಲಿಕೆಯ ಅನುಮತಿ ಪಡೆದು, ವಾರಕ್ಕೊಮ್ಮೆ ಹೋಗಿ ಇದೆಯೋ ಇಲ್ಲವೋ ನೋಡಿ ಬರುವ ಹೊಣೆಯನ್ನು ಒಂದೊಂದು ಸಂಘ ಒಂದೊಂದು ದಡಕ್ಕೆ ಹೊತ್ತರೆ ಸಾಕು.

ಮೇಲೆತ್ತಿದ ಮೇಲೆ ನಮ್ಮವರು ಮಾಡುವ ತಪ್ಪುಗಳನ್ನು ಹೇಳದೆ ಇರಲಾರೆವು. ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು, ಇವೆರಡನ್ನೂ ಕೈಬಿಡಬೇಕು. ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯ ನಿಮಿಷಗಳು ಹೋಗುತ್ತವೆ. ಮುಳುಗಿದವನ ಹೃದಯ ನಿಲ್ಲುವುದು ಉಸಿರಿಲ್ಲದ್ದರಿಂದ, ಆದ್ದರಿಂದ ಮೊದಲು ಬೇಕಾದದ್ದು ಉಸಿರು. ಬೆನ್ನ ಮೇಲೆ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಂದ ಐದು ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಉಸಿರು, ಹೀಗೇ ಮುಂದುವರಿಸಿ. ನೊರೆ ಬಂದರೆ ಒರೆಸುತ್ತ ಕೂರಬೇಡಿ. ಎಚ್ಚರಾಗಿ ಎದ್ದು ಕೂತರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶಕ್ಕೆ ಹೋದ ನೀರಿನ ಪರಿಣಾಮ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಕೊನೆಯದಾಗಿ, ದಡದಿಂದ ದೂರದ ನೀರು. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ನೀಲಕಮಲ್ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು 15 ಜನ ತೀರಿಕೊಂಡರು. ದೋಣಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು, ಅನೇಕರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಉಳಿದವರನ್ನು ಮೊದಲು ಮೇಲೆತ್ತಿದವರಲ್ಲಿ ಆ ಹೊತ್ತಿಗೆ ಅಕ್ಕಪಕ್ಕದಲ್ಲಿದ್ದ ಬೇರೆ ದೋಣಿಗಳವರು ಇದ್ದರು. ಯಾವ ಅವಘಡದಲ್ಲೂ ಹೀಗೆಯೇ. ಮೊದಲು ತಲುಪುವುದು ಪಕ್ಕದ ಮಚ್ವೆ ದೋಣಿ, ಪಕ್ಕದ ಟ್ರಾಲರ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲಿ ಆ ಆಸರೆಯೂ ಇರುವುದಿಲ್ಲ ಎಂಬುದು ನೆನಪಿರಲಿ.

ಆ ದೋಣಿಗಳ ಕಷ್ಟವೆಂದರೆ ಅವುಗಳ ಅಂಚು ನೀರಿನಿಂದ ಒಂದು ಮೀಟರಿಗೂ ಎತ್ತರ. ಒದ್ದೆಯಾಗಿ ಸೋತ ದೊಡ್ಡ ಆಳನ್ನು ಇಬ್ಬರು ಖಲಾಸಿಗಳು ತೋಳು ಹಿಡಿದು ಎಳೆದರೆ ಭುಜ ಕಳಚುತ್ತದೆಯೇ ಹೊರತು ಆಳು ಮೇಲೆ ಬರುವುದಿಲ್ಲ. ಇದಕ್ಕೆ ಪರಿಹಾರ ಪ್ರತಿ ಮೀನು ಬೋಟಿನಲ್ಲೂ ಇದೆ: ಬಲೆ. ದಪ್ಪ ನೂಲಿನ, ಕೈಕಾಲು ಹಿಡಿಯುವಷ್ಟು ಕಣ್ಣಿನ ಹಳೆಯ ಬಲೆಯಿಂದ ಎರಡು ಮೀಟರ್ ಅಗಲ, ಮೂರು ಮೀಟರ್ ಉದ್ದದ ತುಂಡು ಕತ್ತರಿಸಿ, ಒಂದು ಅಂಚನ್ನು ಬೋಟಿನ ಪಕ್ಕೆಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ಅಂಚಿನ ಎರಡು ಮೂಲೆಗೂ ಹಗ್ಗ ಹಾಕಬೇಕು. ತ್ರಾಣವಿದ್ದವನು ಅದನ್ನೇ ಏಣಿಯಂತೆ ಹತ್ತುತ್ತಾನೆ. ತ್ರಾಣವಿಲ್ಲದವನನ್ನು ಬಲೆಯ ಮಡಿಲಿನಲ್ಲಿ ಅಡ್ಡ ಮಲಗಿಸಿಕೊಂಡು ಎರಡು ಹಗ್ಗವನ್ನೂ ಒಟ್ಟಿಗೆ ಎಳೆದರೆ ಅವನು ಉರುಳುತ್ತ ಮೇಲೆ ಬರುತ್ತಾನೆ; ಎಳೆಯುವವರ ಮೇಲೆ ಬೀಳುವ ಭಾರ ಅರ್ಧ ಮಾತ್ರ, ಮತ್ತು ಮೈ ಅಡ್ಡವಾಗಿರುವುದರಿಂದ ರಕ್ತದೊತ್ತಡ ಒಮ್ಮೆಲೇ ಕುಸಿಯುವ ಅಪಾಯವೂ ಕಡಿಮೆ. ಎಂಜಿನ್ ನ್ಯೂಟ್ರಲ್‌ನಲ್ಲಲ್ಲ, ಪೂರ್ತಿ ಬಂದ್ ಆಗಿರಬೇಕು. ಬಲೆಯೋ ಕಾಲೋ ಫ್ಯಾನಿಗೆ ಸಿಕ್ಕರೆ ಎಲ್ಲವೂ ಮುಗಿದಂತೆ.

ಈ ತುಂಡಿಗೆ ಖರ್ಚು ಏನೂ ಇಲ್ಲ. ಬೇಕಾದದ್ದು ಬೋಟು ನಡೆಸುವ ತಾಂಡೇಲರನ್ನು ಕೂರಿಸಿ ಒಂದು ಮಧ್ಯಾಹ್ನ ಜೆಟ್ಟಿಯಲ್ಲೇ ಕಟ್ಟಿ, ಒಬ್ಬ ಹುಡುಗನನ್ನು ನೀರಿಗಿಳಿಸಿ, ಎಳೆದು ತೋರಿಸುವ ಏರ್ಪಾಡು. ನಿಷೇಧದ ಎರಡು ತಿಂಗಳು ಎಲ್ಲ ಬೋಟುಗಳೂ ದಡದಲ್ಲೇ ಇರುತ್ತವೆ, ಬಲೆ ಹೊಲಿಯುವ ಕೆಲಸವೂ ಆಗಲೇ ನಡೆಯುತ್ತದೆ. ನಾರಳಿ ಪೂರ್ಣಿಮೆಗೆ (ಶ್ರಾವಣದ ಹುಣ್ಣಿಮೆಗೆ) ಮೊದಲು ಒಂದೊಂದು ಕೋಳಿವಾಡದಲ್ಲಿ ಒಂದೊಂದು ಸಂಘ ಇದನ್ನು ನಡೆಸಿಕೊಡಲಿ. ಮರಾಠಿ ಬಲ್ಲ ಕನ್ನಡಿಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಇಂತು,
ಕಡಲ ರಕ್ಷಣಾ ತರಬೇತಿಯಲ್ಲಿ ತೊಡಗಿರುವ ಕೆಲವು ಕನ್ನಡಿಗರು
ಅಂಧೇರಿ, ಮುಂಬಯಿ